ಮೀನು, ರೇಷ್ಮೆ ಹುಳು, ಮಗುವಿನ ಗುಂಡಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿ. ಮನೆಯಲ್ಲಿ ಈಗಲೂ ಹುಳು ಮೇಯಿಸುತ್ತಾರೆ. ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಭ್ರೂಣದ ಹೃದಯ ಹೇಗೆ ಬೆಳೆಯುತ್ತದೆ, ಅದರಲ್ಲಿ ಜೀನ್‌ಗಳ ಕೆಲಸ ಏನು ಅಂತ ನೋಡುತ್ತೇನೆ. ಊರಿಗೆ ಬಂದಾಗ ಮದುವೆ ಮನೆಯಲ್ಲಿ, ದೇವನಹಳ್ಳಿ ಬಸ್ಸಿನಲ್ಲಿ, ಶಾಲೆಗಳಿಗೆ ಮಾತಾಡಲು ಹೋದಾಗ ಮಕ್ಕಳು ಕೊಡುವ ಚೀಟಿಗಳಲ್ಲಿ ಬರುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಕೇಳಿದವರ ಮಾತಲ್ಲೇ ಇಲ್ಲಿ ಇಳಿಸಿದ್ದೇನೆ. ಸುಲಭದವು ಮೊದಲು, ತಲೆ ತಿನ್ನುವಂಥವು ಆಮೇಲೆ.

## ಶುರುವಿನವು

ಮೇಡಂ, ನೀವು ಹಾರ್ಟ್ ಡಾಕ್ಟರಂತೆ. ನನ್ನ ಬಿಪಿ ಸ್ವಲ್ಪ ನೋಡ್ತೀರಾ?

ಇಲ್ಲ. ನನ್ನ ಹೆಸರಿನ ಹಿಂದಿರುವ ಡಾಕ್ಟರು ಪಿಎಚ್‌ಡಿಯದು. ನನ್ನ ಪೇಷೆಂಟುಗಳು ಅರ್ಧ ಅಕ್ಕಿಕಾಳಿನಷ್ಟಿರುತ್ತವೆ, ನೀರಲ್ಲಿ ಈಜುತ್ತವೆ. ಬಿಪಿಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿ.

ಹೊಟ್ಟೇಲಿರೋ ಮಗುಗೆ ಹೃದಯ ಯಾವಾಗ ಬರುತ್ತೆ?

ಹೆಚ್ಚಿನವರು ಐದನೇ ತಿಂಗಳು ಅಂತಾರೆ, ಯಾಕೆಂದರೆ ಸ್ಕ್ಯಾನಿಂಗ್‌ನಲ್ಲಿ ಡಾಕ್ಟರು ಹೃದಯವನ್ನು ವಿವರವಾಗಿ ತೋರಿಸುವುದು ಆಗ. ನಿಜವಾಗಿ ಅದು ಬಡಿಯಲು ಶುರುವಾಗುವುದು ಗರ್ಭ ಕಟ್ಟಿದ ಸುಮಾರು 22ನೇ ದಿನಕ್ಕೆ. ಅಮ್ಮನಿಗೆ ಮುಟ್ಟು ತಪ್ಪಿ ವಾರ ಕಳೆದಿರುತ್ತದೆ ಅಷ್ಟೇ. ಎಷ್ಟೋ ಜನ ಇನ್ನೂ ಪರೀಕ್ಷೆ ಕೂಡ ಮಾಡಿಸಿರುವುದಿಲ್ಲ. ಇಡೀ ದೇಹದಲ್ಲಿ ಕೆಲಸಕ್ಕೆ ಇಳಿಯುವ ಮೊದಲ ಅಂಗ ಇದೇ.

ಆಗ ಅದು ಹೃದಯದ ಹಾಗೆ ಕಾಣುವುದೂ ಇಲ್ಲ. ನೆಟ್ಟಗಿನ ಒಂದು ಕೊಳವೆ, ಅಷ್ಟೇ. ಒಂದೆರಡು ದಿನದಲ್ಲಿ ಆ ಕೊಳವೆ ಬಲಕ್ಕೆ ಬಾಗಿ ಮಡಚಿಕೊಳ್ಳುತ್ತದೆ. ಹಾಗೆ ಮಡಚಿಕೊಂಡಾಗಲೇ ಮುಂದೆ ಯಾವುದು ಮೇಲಿನ ಕೋಣೆ, ಯಾವುದು ಕೆಳಗಿನ ಕೋಣೆ ಅನ್ನುವುದು ಜಾಗಕ್ಕೆ ಬಂದು ಕೂರುತ್ತದೆ. ಆಮೇಲೆ ಒಳಗಡೆ ಗೋಡೆಗಳು ಏಳುತ್ತವೆ. ಒಂದು ಗೋಡೆ ಕೆಳಗಿನಿಂದ ಮೇಲಕ್ಕೆ, ಇನ್ನೊಂದು ಮೇಲಿನಿಂದ ಕೆಳಕ್ಕೆ ಬೆಳೆದು ನಡುವೆ ಸೇರಬೇಕು. ವಾಲ್ವುಗಳು ಮೂಡಬೇಕು. ಎಂಟನೇ ವಾರದ ಹೊತ್ತಿಗೆ ನಾಲ್ಕು ಕೋಣೆ ಸಿದ್ಧ.

ಮನೆ ಕಟ್ಟುವಾಗ ಗೋಡೆ ಏಳಿಸಿದ ಮೇಲೆ ಸಂಸಾರ ಒಳಗೆ ಬರುತ್ತದೆ. ಇಲ್ಲಿ ಸಂಸಾರ ಒಳಗಿದ್ದು ಅಡುಗೆ ಮಾಡುತ್ತಿರುವಾಗಲೇ ಗೋಡೆ ಏಳಬೇಕು. ರಕ್ತ ಒಂದು ಕ್ಷಣವೂ ನಿಲ್ಲುವ ಹಾಗಿಲ್ಲ. ನೂರರಲ್ಲಿ 99 ಮಕ್ಕಳಿಗೆ ಈ ಕೆಲಸ ಸರಿಯಾಗಿ ಆಗುತ್ತದಲ್ಲ, ನನಗೆ ಇವತ್ತಿಗೂ ಆಶ್ಚರ್ಯ ಅದೇ.

ರೇಷ್ಮೆ ಹುಳುಗೂ ಗುಂಡಿಗೆ ಇರುತ್ತಾ?

ಇರುತ್ತೆ, ನೀವು ದಿನಾ ನೋಡಿದ್ದೀರಿ! ಐದನೇ ಹಂತದ ಹುಳುವನ್ನು ಅಂಗೈ ಮೇಲಿಟ್ಟುಕೊಳ್ಳಿ. ಹಣ್ಣಾದ, ಅಂದರೆ ಗೂಡು ಕಟ್ಟಲು ತಯಾರಾದ ಹುಳು ಇನ್ನೂ ಒಳ್ಳೆಯದು, ಚಂದ್ರಿಕೆಗೆ (ಗೂಡು ಕಟ್ಟಿಸುವ ತಟ್ಟೆಗೆ) ಬಿಡುವ ಮೊದಲು ಒಂದನ್ನು ಬೆಳಕಿಗೆ ಹಿಡಿಯಿರಿ. ಬೆನ್ನ ಮೇಲೆ ನಡುವೆ ಉದ್ದಕ್ಕೆ ಒಂದು ಮಸುಕು ಗೆರೆ ಕಾಣುತ್ತದೆ. ಸ್ವಲ್ಪ ಹೊತ್ತು ಕಣ್ಣಿಟ್ಟು ನೋಡಿದರೆ ಆ ಗೆರೆ ಬಾಲದ ಕಡೆಯಿಂದ ತಲೆಯ ಕಡೆಗೆ ಅಲೆಯಂತೆ ಮಿಡಿಯುತ್ತದೆ. ಅದೇ ಹುಳುವಿನ ಹೃದಯ. ನಮ್ಮದೂ ಭ್ರೂಣದಲ್ಲಿ ಶುರುವಾಗುವುದು ಇಂಥದ್ದೇ ಕೊಳವೆಯಾಗಿ. ಹುಳುವಿನದು ಕೊನೆವರೆಗೂ ಕೊಳವೆಯಾಗಿಯೇ ಉಳಿಯುತ್ತದೆ.

ಹುಳು ಜಜ್ಜಿ ಹೋದರೆ ಕೆಂಪು ರಕ್ತ ಬರುವುದಿಲ್ಲ, ಗಮನಿಸಿದ್ದೀರಲ್ವಾ? ಅದರ ರಕ್ತಕ್ಕೆ ಆಮ್ಲಜನಕ ಹೊರುವ ಕೆಲಸವಿಲ್ಲ. ಮೈಯ ಎರಡೂ ಪಕ್ಕದಲ್ಲಿ ಸಾಲಾಗಿರುವ ಕಪ್ಪು ಚುಕ್ಕಿಗಳೇ ಉಸಿರಿನ ತೂತುಗಳು. ಗಾಳಿ ಅಲ್ಲಿಂದ ನೇರ ಒಳಗೆ ಹೋಗುತ್ತದೆ.

(ಅಂದ ಹಾಗೆ, ನಮ್ಮ ಕಡೆ ತೆಲುಗು ಮಾತಾಡುವವರು ಗುಂಡೆ ಅಂತಾರೆ, ಕನ್ನಡದಲ್ಲಿ ಗುಂಡಿಗೆ. ಹೃದಯಕ್ಕಿಂತ ಇದೇ ನನಗೆ ಇಷ್ಟ.)

ಜೀನ್ ಅಂತೀರಲ್ಲ, ಅದು ಕಣ್ಣಿಗೆ ಕಾಣುತ್ತಾ?

ಕಾಣುವುದಿಲ್ಲ. ಪ್ರತಿ ಜೀವಕೋಶದಲ್ಲೂ ಡಿಎನ್‌ಎ ಎಂಬ ಉದ್ದನೆಯ ದಾರ ಇರುತ್ತದೆ. ಆ ದಾರದ ಒಂದೊಂದು ತುಂಡು ಒಂದೊಂದು ಪ್ರೋಟೀನು ಮಾಡುವ ವಿಧಾನ ಹೇಳುತ್ತದೆ. ಆ ತುಂಡೇ ಜೀನ್. ಹೆಚ್ಚಿನ ಜೀನ್‌ಗಳು ನಮ್ಮಲ್ಲಿ ಎರಡೆರಡು ಪ್ರತಿ ಇರುತ್ತವೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಕೆಲವು ಜೀನ್‌ಗಳು ಮೇಸ್ತ್ರಿಯ ಹಾಗೆ. ತಾವು ಇಟ್ಟಿಗೆ ಹೊರುವುದಿಲ್ಲ, ಬೇರೆ ಜೀನ್‌ಗಳಿಗೆ ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಅಂತ ಹೇಳುತ್ತವೆ. ಹೃದಯದ ವಿಷಯದಲ್ಲಿ ನಾವು ಹಿಂದೆ ಬಿದ್ದಿರುವುದು ಹೆಚ್ಚಾಗಿ ಈ ಮೇಸ್ತ್ರಿಗಳನ್ನೇ.

## ತೂತು, ಮನೆ, ಮದುವೆ

ಹೃದಯದಲ್ಲಿ ತೂತು ಅಂದ್ರೆ ರಕ್ತ ಹೊರಗೆ ಸೋರಿ ಹೋಗುತ್ತಾ?

ಹೊರಗೆ ಸೋರುವುದಿಲ್ಲ. ತೂತು ಇರುವುದು ಒಳಗೋಡೆಯಲ್ಲಿ, ಬಲ ಎಡ ಕೋಣೆಗಳ ನಡುವೆ. ಶ್ವಾಸಕೋಶದಿಂದ ಬಂದ ಒಳ್ಳೆ ರಕ್ತದಲ್ಲಿ ಸ್ವಲ್ಪ ಪಕ್ಕದ ಕೋಣೆಗೆ ನುಗ್ಗಿ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಮಾಡಿದ ಕೆಲಸವನ್ನೇ ಮತ್ತೆ ಮಾಡಿದ ಹಾಗೆ. ತೂತು ದೊಡ್ಡದಾದರೆ ಮಗು ಹಾಲು ಕುಡಿಯುವಾಗಲೇ ಏದುಸಿರು ಬಿಡುತ್ತದೆ, ಹಣೆ ಬೆವರುತ್ತದೆ, ತೂಕ ಏರುವುದಿಲ್ಲ.

ಎಲ್ಲಾ ತೂತೂ ಅಪಾಯವಲ್ಲ. ಕೆಳಗಿನ ಎರಡು ಕೋಣೆಗಳ ನಡುವಿನ ಸಣ್ಣ ತೂತುಗಳಲ್ಲಿ ಎಷ್ಟೋ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಡಾಕ್ಟರು ಸ್ಟೆತಸ್ಕೋಪು ಇಟ್ಟು "ಸದ್ದು ಜೋರಾಗಿದೆ" ಅಂದರೆ ಮನೆಯವರು ನಡುಗಿ ಹೋಗುತ್ತಾರೆ. ಆದರೆ ಇಂಥ ತೂತುಗಳಲ್ಲಿ ಹಲವು ಸಲ ಸಣ್ಣದಕ್ಕೇ ಸದ್ದು ಜಾಸ್ತಿ. ಡ್ರಿಪ್ ಪೈಪಿಗೆ ಸೂಜಿಯಷ್ಟು ತೂತಾದರೆ ಚುಯ್ ಅಂತ ಚಿಮ್ಮುತ್ತದಲ್ಲ, ಹಾಗೆ. ಪೈಪು ಅಗಲಕ್ಕೆ ಒಡೆದರೆ ನೀರು ಸುಮ್ನೆ ಹರಿದು ಹೋಗುತ್ತದೆ. ಅದಕ್ಕೇ ಸದ್ದು ಕೇಳಿ ತೀರ್ಮಾನ ಮಾಡಬೇಡಿ, ಎಕೋ (ಹೃದಯದ ಸ್ಕ್ಯಾನು) ಮಾಡಿಸಿ.

ಇನ್ನೊಂದು ವಿಷಯ. ಹೊಟ್ಟೆಯಲ್ಲಿದ್ದಾಗ ಎಲ್ಲರ ಹೃದಯದಲ್ಲೂ ಮೇಲಿನ ಕೋಣೆಗಳ ನಡುವೆ ಒಂದು ಬಾಗಿಲು ಇರುತ್ತದೆ. ಮಗುವಿನ ಶ್ವಾಸಕೋಶ ಆಗ ಕೆಲಸ ಮಾಡುತ್ತಿರುವುದಿಲ್ಲ, ರಕ್ತಕ್ಕೆ ಅಡ್ಡದಾರಿ ಬೇಕು. ಹುಟ್ಟಿ ಮೊದಲ ಉಸಿರು ಎಳೆದ ಮೇಲೆ ಆ ಬಾಗಿಲು ಮುಚ್ಚುತ್ತದೆ. ದೊಡ್ಡವರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಅದು ಪೂರ್ತಿ ಅಂಟಿಕೊಂಡೇ ಇರುವುದಿಲ್ಲ, ಮತ್ತು ಹೆಚ್ಚಿನವರಿಗೆ ಅದರಿಂದ ಏನೂ ಆಗುವುದಿಲ್ಲ.

ಗ್ರಹಣದ ದಿನ ಸೊಸೆ ಬೇಡ ಅಂದ್ರೂ ತರಕಾರಿ ಹೆಚ್ಚಿದಳು. ಅದಕ್ಕೇ ಮಗು ಹೀಗಾಯ್ತಾ?

ಅಲ್ಲ. ಈ ಪ್ರಶ್ನೆ ಕೇಳಿದ ಅಜ್ಜಿ ಒಳ್ಳೆಯವರೇ, ಮೊಮ್ಮಗನ ಮೇಲಿನ ಪ್ರೀತಿಯಿಂದಲೇ ಕೇಳಿದ್ದು. ಆದರೆ ಪಕ್ಕದಲ್ಲೇ ಕೂತಿದ್ದ ಸೊಸೆ ತಲೆ ಬಗ್ಗಿಸಿಕೊಂಡು ಸೆರಗಿನ ಅಂಚು ಸುತ್ತುತ್ತಿದ್ದಳು. ಅದನ್ನು ನೋಡಿ ಬಂದ ರಾತ್ರಿಯೇ ಇದನ್ನೆಲ್ಲ ಬರೆದಿಡಬೇಕು ಅನ್ನಿಸಿತು.

ಲೆಕ್ಕ ಹಾಕೋಣ. ಗ್ರಹಣ ಬಂದಾಗ ಅವಳಿಗೆ ಐದು ತಿಂಗಳು. ಹೃದಯದ ಗೋಡೆಗಳೆಲ್ಲ ಎರಡನೇ ತಿಂಗಳಲ್ಲೇ ಎದ್ದು ಮುಗಿದಿದ್ದವು. ಮುಗಿದ ಗೋಡೆಗೆ ಚಾಕು ಹಿಡಿದವಳು ತೂತು ಮಾಡುವುದು ಹೇಗೆ? 2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಿರಬಹುದು. ದಕ್ಷಿಣ ಕರ್ನಾಟಕದ ಬಸುರಿಯರೆಲ್ಲ ಅವತ್ತು ಅದೇ ಸೂರ್ಯನ ಕೆಳಗಿದ್ದರು. ಗ್ರಹಣ ಇರಲಿ ಇಲ್ಲದಿರಲಿ, ಹುಟ್ಟುವ 1000 ಮಕ್ಕಳಲ್ಲಿ ಸುಮಾರು 8ರಿಂದ 10 ಮಕ್ಕಳಿಗೆ ಹೃದಯದ ದೋಷ ಇರುತ್ತದೆ. ಎಲ್ಲಾ ದೇಶಗಳಲ್ಲೂ ಹೆಚ್ಚುಕಮ್ಮಿ ಇದೇ ಲೆಕ್ಕ.

ನಿಜವಾಗಿ ತೊಂದರೆ ಕೊಡುವ ಕೆಲವು ಸಂಗತಿಗಳಿವೆ. ಮೊದಲ ಮೂರು ತಿಂಗಳಲ್ಲಿ ಅಮ್ಮನಿಗೆ ರುಬೆಲ್ಲಾ ಅನ್ನುವ ಸೋಂಕು ಬಂದರೆ ಮಗುವಿನ ಹೃದಯ, ಕಣ್ಣು, ಕಿವಿ ಮೂರಕ್ಕೂ ಪೆಟ್ಟು. 1941ರಲ್ಲೇ ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್ ಇದನ್ನು ಗುರುತಿಸಿದರು. ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ಶಾಲೆ ಶಾಲೆಗೆ ಬಂದು ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಿದ್ದು ಇದಕ್ಕೂ ಸೇರಿಯೇ. ಅಮ್ಮನಿಗೆ ಮೊದಲೇ ಇರುವ ಸಕ್ಕರೆ ಕಾಯಿಲೆ ಹಿಡಿತ ತಪ್ಪಿದ್ದರೆ ಅದೂ ಒಂದು ಕಾರಣ. ಫಿಟ್ಸಿನ ಕೆಲವು ಮಾತ್ರೆಗಳು, ಮದ್ಯ ಕೂಡ. (ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಗರ್ಭ ನಿಲ್ಲುವ ಮೊದಲೇ ಡಾಕ್ಟರ ಹತ್ತಿರ ಬದಲಾಯಿಸಿಕೊಳ್ಳಿ.) ಹೆಚ್ಚಿನ ಮಕ್ಕಳಲ್ಲಿ ಮಾತ್ರ ಇದೇ ಅಂತ ಬೆರಳಿಟ್ಟು ತೋರಿಸುವ ಒಂದು ಕಾರಣ ಸಿಗುವುದೇ ಇಲ್ಲ.

ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡಿಂದ ಆಗಿರಬಹುದಾ?

ಫ್ಲೋರೈಡು ಹಲ್ಲು ಮತ್ತು ಮೂಳೆ ಕೆಡಿಸುತ್ತದೆ. ನಮ್ಮ ಜಿಲ್ಲೆಯವರಿಗೆ ಅದನ್ನು ನಾನು ಹೇಳಿಕೊಡಬೇಕಾಗಿಲ್ಲ, ನಕ್ಕರೆ ಕಾಣುತ್ತದೆ. ಹೃದಯದ ತೂತಿಗೆ ಅದು ಕಾರಣ ಅಂತ ಸಾಬೀತಾಗಿಲ್ಲ. ಶುದ್ಧ ನೀರು ಕೇಳಲು ಹಲ್ಲು ಮೂಳೆಯ ಕಾರಣವೇ ಸಾಕು.

ಅಕ್ಕನ ಮಗಳನ್ನೇ ಮದುವೆ ಆಗಿದ್ದೀನಿ. ಮಕ್ಕಳಿಗೆ ತೊಂದರೆ ಆಗುತ್ತಾ?

ಇದನ್ನು ಯಾವಾಗಲೂ ಯಾರೂ ಇಲ್ಲದಾಗ, ದನಿ ತಗ್ಗಿಸಿ ಕೇಳುತ್ತಾರೆ. ನಮ್ಮ ಮನೆತನದಲ್ಲೂ ಇಂಥ ಮದುವೆಗಳಾಗಿವೆ, ಆದ್ದರಿಂದ ಬಯ್ಯಲು ಹೋಗುವುದಿಲ್ಲ.

ನಮ್ಮೆಲ್ಲರಲ್ಲೂ ಕೆಲವು ಕೆಟ್ಟ ಜೀನ್ ಪ್ರತಿಗಳಿರುತ್ತವೆ. ಜೊತೆಯ ಇನ್ನೊಂದು ಪ್ರತಿ ಚೆನ್ನಾಗಿದ್ದರೆ ಅದು ಬಚ್ಚಿಟ್ಟುಕೊಂಡೇ ಇರುತ್ತದೆ. ಹೊರಗಿನ ಹುಡುಗಿಯನ್ನು ತಂದರೆ ಅವಳ ಕೆಟ್ಟ ಪ್ರತಿಗಳು ಬೇರೆ, ನಿಮ್ಮವು ಬೇರೆ. ಒಂದೇ ಮಗುವಿನಲ್ಲಿ ಅದೇ ಜೀನಿನ ಎರಡೂ ಪ್ರತಿ ಕೆಡುವುದು ಅಪರೂಪ. ಸೋದರಮಾವ ಮತ್ತು ಸೊಸೆಯ ನಡುವೆ ಜೀನ್‌ಗಳಲ್ಲಿ ಸುಮಾರು ಕಾಲು ಭಾಗ ಒಂದೇ. ಅತ್ತೆ ಮಗಳು, ಮಾವನ ಮಗ ಆದರೆ ಎಂಟರಲ್ಲಿ ಒಂದು ಭಾಗ. ಅದಕ್ಕೇ ಬಚ್ಚಿಟ್ಟುಕೊಂಡಿದ್ದು ಎರಡೂ ಕಡೆಯಿಂದ ಬಂದು ಸೇರುವ ಸಾಧ್ಯತೆ ಏರುತ್ತದೆ. ಹೃದಯದ ದೋಷಗಳೂ ರಕ್ತಸಂಬಂಧದ ಮದುವೆಗಳಲ್ಲಿ ಸ್ವಲ್ಪ ಜಾಸ್ತಿಯೇ ಕಾಣುತ್ತವೆ.

ನಮ್ಮಪ್ಪನಿಗೆ ಇದನ್ನು ಹೇಳಿದಾಗ ಅವರು ಅರ್ಧದಲ್ಲೇ ತಡೆದು, "ಅದಕ್ಕೇ ತಾನೇ ನಮ್ಮ ಗೂಡಿಂದ ನಾವೇ ಮೊಟ್ಟೆ ತೆಗೆಯಲ್ಲ, ಬೇರೆ ಬೇರೆ ತಳಿ ಕೂಡಿಸಿದ ಕ್ರಾಸ್ ಮೊಟ್ಟೆ ತರೋದು" ಅಂದರು. ಹುಳುವಿನ ವಿಷಯದಲ್ಲಿ ಇಡೀ ಊರಿಗೆ ಗೊತ್ತಿರುವ ಮಾತು!

ಹಾಗಂತ ಹೆದರಿಕೊಂಡು ಕೂರಬೇಡಿ. ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲೂ ಹೆಚ್ಚಿನವರು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಗರ್ಭ ನಿಂತ ಮೇಲೆ ಡಾಕ್ಟರಿಗೆ ಮೊದಲ ಮಾತಲ್ಲೇ ಸಂಬಂಧ ಹೇಳಿಬಿಡಿ. 18ರಿಂದ 22ನೇ ವಾರದೊಳಗೆ ಮಗುವಿನ ಹೃದಯದ ಸ್ಕ್ಯಾನು ಮಾಡಿಸಿ.

ಮೊದಲನೇದಕ್ಕೆ ತೂತಿತ್ತು. ಎರಡನೇದಕ್ಕೂ ಬರುತ್ತಾ?

ಸಾಮಾನ್ಯವಾಗಿ ಹೇಳುವ ಲೆಕ್ಕ ನೂರಕ್ಕೆ ಎರಡರಿಂದ ಐದು. ಅಂದರೆ ಬಾರದೇ ಇರುವ ಸಾಧ್ಯತೆಯೇ ಬಹಳ ಜಾಸ್ತಿ. ಆದರೆ ಇದು ಎಲ್ಲರಿಗೂ ಒಂದೇ ಅಲ್ಲ. ಮೊದಲ ಮಗುವಿಗೆ ಹೃದಯದ ಜೊತೆ ಬೆರಳು, ಮುಖ, ಕಿವಿಯಲ್ಲೂ ವ್ಯತ್ಯಾಸ ಇದ್ದರೆ ಅಥವಾ ಅಪ್ಪನಿಗೋ ಅಮ್ಮನಿಗೋ ಹೃದಯದ ದೋಷ ಇದ್ದರೆ ಒಂದೇ ಜೀನಿನ ತಪ್ಪು ಇರಬಹುದು. ಆಗ ಸಾಧ್ಯತೆ ಅರ್ಧಕ್ಕರ್ಧವೂ ಆಗಬಹುದು. ಜೆನೆಟಿಕ್ ಕೌನ್ಸೆಲಿಂಗ್ (ಜೀನ್ ತಿಳಿದವರ ಸಲಹೆ) ಬೇಕಾಗುವುದು ಇಂಥ ಮನೆಗಳಿಗೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ದೋಷವೂ ಇರುತ್ತದೆ, ಅದರ ಲೆಕ್ಕ ಬೇರೆ.

ಎಲ್ಲಿ ತೋರಿಸೋದು? ಅಷ್ಟು ದುಡ್ಡು ಎಲ್ಲಿಂದ ತರೋದು?

ಅಂಗನವಾಡಿಗೂ ಸರ್ಕಾರಿ ಶಾಲೆಗೂ ಮಕ್ಕಳನ್ನು ನೋಡಲು ಬರುವ ಡಾಕ್ಟರ ತಂಡ ಇದೆಯಲ್ಲ, ಅದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದು. ಹುಟ್ಟಿದಾಗಿನಿಂದ 18 ವರ್ಷದವರೆಗೆ ನೋಡುತ್ತಾರೆ, ಅವರ ಪಟ್ಟಿಯಲ್ಲಿ ಹುಟ್ಟು ಹೃದಯದೋಷವೂ ಇದೆ. ಆಶಾ ಅಕ್ಕನಿಗೆ ಹೇಳಿದರೆ ದಾರಿ ತೋರಿಸುತ್ತಾರೆ. ಆಪರೇಷನ್‌ಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಇಟ್ಟುಕೊಳ್ಳಿ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಸರ್ಕಾರದ್ದು. ಮಗುವಿನ ತುಟಿ, ನಾಲಿಗೆ ನೀಲಿಯಾದರೆ ಮಾತ್ರ ಕಾರ್ಡು ಹುಡುಕುತ್ತಾ ನಿಲ್ಲಬೇಡಿ, ತಕ್ಷಣ ಹೊರಡಿ.

## ಲ್ಯಾಬಿನ ಒಳಗೆ

ಮೀನಿನ ಹೃದಯ ನೋಡಿ ಮನುಷ್ಯರದು ಹೇಗೆ ಗೊತ್ತಾಗುತ್ತೆ?

ನಾನು ಕೆಲಸ ಮಾಡುವುದು ಜೀಬ್ರಾ ಮೀನಿನ ಮೇಲೆ. ನೀಲಿ ಪಟ್ಟೆಯ, ಕಿರುಬೆರಳ ಉದ್ದದ ಮೀನು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ. ವಿದೇಶದ್ದು ಅಂದುಕೊಳ್ಳಬೇಡಿ, ಗಂಗೆಯ ಬಯಲಿನ ಹಳ್ಳ ಗದ್ದೆಗಳದ್ದು. 1822ರಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್ ಇದನ್ನು ಮೊದಲು ವಿವರಿಸಿದ.

ಬೆಳಿಗ್ಗೆ ಲ್ಯಾಬಿನ ದೀಪ ಹೊತ್ತಿದ ಕೂಡಲೇ ಮೀನು ಮೊಟ್ಟೆ ಇಡುತ್ತವೆ. ಚಹಾ ಜರಡಿಯಂಥದ್ದರಲ್ಲಿ ಸೋಸಿ, ತೊಳೆದು, 28 ಡಿಗ್ರಿ ಶಾಖದಲ್ಲಿ ಇಡುತ್ತೇವೆ. ಮಾರನೇ ದಿನ ಅದೇ ಹೊತ್ತಿಗೆ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಗಾಜಿನಂಥ ಮೈಯೊಳಗೆ ಕೂದಲೆಳೆಯಂಥ ಕೊಳವೆ ಮಿಡಿಯಲು ಶುರು ಮಾಡಿರುತ್ತದೆ. ಮೊದಮೊದಲು ತಡವರಿಸಿ, ನಿಂತು, ಮತ್ತೆ ಮಿಡಿಯುತ್ತದೆ. ಎರಡನೇ ದಿನಕ್ಕೆ ಕೆಂಪು ಕಣಗಳು ಸಾಲಾಗಿ ಓಡುವುದು ಕಾಣುತ್ತದೆ, ಕೊಳವೆ ಮಡಚಿಕೊಂಡಿರುತ್ತದೆ. ಮನುಷ್ಯರಲ್ಲಿ ವಾರಗಟ್ಟಲೆ ಹೊಟ್ಟೆಯೊಳಗೆ ಕತ್ತಲಲ್ಲಿ ಆಗುವುದನ್ನು ಇಲ್ಲಿ ಶನಿವಾರ ಭಾನುವಾರ ಕೂತು ನೋಡಬಹುದು. ಮೀನಿನ ಹೃದಯಕ್ಕೆ ಎರಡೇ ಕೋಣೆ, ಅದೊಂದು ಕೊರತೆ. ಗೋಡೆ ಏಳುವುದನ್ನು ನೋಡಬೇಕಾದರೆ ಇಲಿಗೇ ಹೋಗಬೇಕು.

ದೊಡ್ಡ ಲಾಭ ಇನ್ನೊಂದಿದೆ. ಹೃದಯ ಕೆಟ್ಟ ಇಲಿಯ ಭ್ರೂಣ ಬೇಗ ಸತ್ತುಹೋಗುತ್ತದೆ, ಏನು ತಪ್ಪಾಯಿತು ಅಂತ ನೋಡಲು ಸಮಯವೇ ಸಿಗುವುದಿಲ್ಲ. ಮೀನಿನ ಮರಿ ಎಷ್ಟು ಪುಟ್ಟದೆಂದರೆ ನೀರಿನಿಂದಲೇ ಚರ್ಮದ ಮೂಲಕ ಆಮ್ಲಜನಕ ಪಡೆಯುತ್ತದೆ. ಹೃದಯ ಒಮ್ಮೆಯೂ ಮಿಡಿಯದಿದ್ದರೂ ಕೆಲವು ದಿನ ಬದುಕಿರುತ್ತದೆ.

ಜೀನ್‌ಗಳ ವಿಷಯಕ್ಕೆ ಬಂದರೆ, 2013ರಲ್ಲಿ ಈ ಮೀನಿನ ಪೂರ್ತಿ ಡಿಎನ್‌ಎ ಓದಿ ಮುಗಿಸಿದಾಗ ಮನುಷ್ಯರ ಜೀನ್‌ಗಳಲ್ಲಿ ನೂರಕ್ಕೆ 70ಕ್ಕೆ ಮೀನಲ್ಲೂ ಜೋಡಿ ಇದೆ ಅಂತ ತಿಳಿಯಿತು. ಒಂದು ಉದಾಹರಣೆ ಕೊಡುತ್ತೇನೆ. ಟಿಬಿಎಕ್ಸ್5 ಅನ್ನುವ ಮೇಸ್ತ್ರಿ ಜೀನ್ ಕೆಟ್ಟ ಮೀನಿನ ಹೃದಯ ಮಡಚಿಕೊಳ್ಳದೆ ದಾರದಂತೆ ಜಗ್ಗಿಹೋಗುತ್ತದೆ. ಅದೇ ಮರಿಗೆ ಮುಂದಿನ ರೆಕ್ಕೆಗಳೂ ಮೂಡುವುದಿಲ್ಲ. ಮನುಷ್ಯರಲ್ಲಿ ಇದೇ ಜೀನ್ ಕೆಟ್ಟರೆ ಹೋಲ್ಟ್-ಓರಾಮ್ ಸಿಂಡ್ರೋಮ್. ಹೃದಯದಲ್ಲಿ ತೂತು, ಜೊತೆಗೆ ಹೆಬ್ಬೆರಳು ಅಥವಾ ಕೈಮೂಳೆ ಸರಿಯಿರುವುದಿಲ್ಲ. ಮೀನಿನ ರೆಕ್ಕೆಯ ಜಾಗದಲ್ಲಿ ನಮಗೆ ಕೈ. ಮೊದಲ ಸಲ ಆ ಮರಿಯನ್ನು ಕಣ್ಣಾರೆ ನೋಡಿದ ದಿನ ನನಗೆ ಊಟ ಮರೆತುಹೋಗಿತ್ತು.

ಎರಡು ಪ್ರತಿ ಇದೆ ಅಂದ್ರಿ. ಒಂದು ಕೆಟ್ಟರೆ ಇನ್ನೊಂದು ನೋಡಿಕೊಳ್ಳಲ್ವಾ?

ಇದನ್ನು ಕೇಳಿದ್ದು ಒಂಬತ್ತನೇ ಕ್ಲಾಸಿನ ಹುಡುಗ. ಬಹಳ ಸರಿಯಾದ ಪ್ರಶ್ನೆ. ಹೆಚ್ಚಿನ ಜೀನ್‌ಗಳಲ್ಲಿ ನೋಡಿಕೊಳ್ಳುತ್ತದೆ. ಹೃದಯದ ಮೇಸ್ತ್ರಿಗಳಲ್ಲಿ ಕೆಲವು ಹಾಗಲ್ಲ. ಎಸರು ಪೂರ್ತಿ ಇಟ್ಟು ರಾಗಿ ಹಿಟ್ಟು ಅರ್ಧ ಹಾಕಿದರೆ ಮುದ್ದೆ ಆಗುವುದಿಲ್ಲ, ಅಂಬಲಿ ಆಗುತ್ತದೆ. ಹಿಟ್ಟು ಇದೆ, ಚೆನ್ನಾಗೂ ಇದೆ, ಸಾಲುತ್ತಿಲ್ಲ ಅಷ್ಟೇ. ಟಿಬಿಎಕ್ಸ್5, ಎನ್‌ಕೆಎಕ್ಸ್2-5, ಗಾಟಾ4 ಇವೆಲ್ಲ ಹೀಗೆ ಅಳತೆ ಕೇಳುವ ಜೀನ್‌ಗಳು. ಇವು ಜೊತೆ ಸೇರಿ ಕೆಲಸ ಮಾಡುವುದರಿಂದ ಒಂದರ ಅಳತೆ ತಪ್ಪಿದರೆ ಉಳಿದವೂ ತಡವರಿಸುತ್ತವೆ. ಒಂದೇ ಮನೆಯಲ್ಲಿ ಅದೇ ಕೆಟ್ಟ ಪ್ರತಿ ಅಪ್ಪನಿಗೆ ಸಣ್ಣ ತೂತು, ಮಗಳಿಗೆ ದೊಡ್ಡ ಆಪರೇಷನ್ ಆಗುವಷ್ಟು ಬೇರೆಯಾಗಿ ಕಾಣಿಸಬಹುದು.

ಜೀನ್‌ಗಳಿಗೆ ಇಂಥ ವಿಚಿತ್ರ ಹೆಸರು ಯಾರು ಇಡೋದು?

ಕಂಡುಹಿಡಿದವರು. ಹಣ್ಣಿನ ನೊಣದಲ್ಲಿ ಒಂದು ಜೀನ್ ಇದೆ, ಅದು ಕೆಟ್ಟರೆ ಹೃದಯವೇ ಮೂಡುವುದಿಲ್ಲ. ಹಳೆಯ ಅಮೆರಿಕನ್ ಮಕ್ಕಳ ಕತೆಯ ಹೃದಯವಿಲ್ಲದ ತಗಡಿನ ಮನುಷ್ಯನ ಹೆಸರನ್ನೇ ಇಟ್ಟು ಅದನ್ನು ಟಿನ್‌ಮ್ಯಾನ್ ಅಂದರು. 1993ರಲ್ಲಿ ರಾಲ್ಫ್ ಬೋಡ್ಮರ್ ಅದರ ಕೆಲಸ ತೋರಿಸಿದರು. ಮನುಷ್ಯರಲ್ಲಿ ಅದರ ಜೋಡಿಯೇ ಎನ್‌ಕೆಎಕ್ಸ್2-5. ಅದು ಕೆಟ್ಟರೆ ಹುಟ್ಟು ಹೃದಯದೋಷ ಬರುತ್ತದೆ ಅಂತ 1998ರಲ್ಲಿ ಗೊತ್ತಾಯಿತು. ನೊಣಕ್ಕೂ ನಮಗೂ ಮೇಸ್ತ್ರಿ ಒಬ್ಬನೇ.

ನಮ್ಮದೇ ಹೆಸರುಗಳೂ ಇವೆ. ನಮ್ಮೂರ ಬಸ್ಸು ಹೆಬ್ಬಾಳಕ್ಕೆ ಹೋಗುವ ದಾರಿಯಲ್ಲಿ ಸಿಗುವ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮ್‌ದಾರ್ ಅವರ ತಂಡ ಒಂದು ಜೀನಿಗೆ "ರುಧಿರ", ಇನ್ನೊಂದಕ್ಕೆ "ಅಸೃಜ್" ಅಂತ ಹೆಸರಿಟ್ಟಿತು. ಎರಡಕ್ಕೂ ಅರ್ಥ ರಕ್ತ. ರುಧಿರ ಇಲ್ಲದ ಇಲಿಯ ಭ್ರೂಣಗಳಲ್ಲಿ ಹೃದಯ, ರಕ್ತನಾಳಗಳ ಜೋಡಣೆ ಹದ ತಪ್ಪಿ ಅವು ಅರ್ಧ ಬಸಿರಿಗೇ ಸಾಯುತ್ತವೆ ಅಂತ 2018ರಲ್ಲಿ ಅವರು ಪ್ರಕಟಿಸಿದರು. ವಿದೇಶದ ಲ್ಯಾಬಿನವರು "ರುಧಿರ" ಅಂತ ನಾಲಿಗೆ ಹೊರಳಿಸಿ ಹೇಳುವುದನ್ನು ಕೇಳಿದರೆ ಸಣ್ಣ ಖುಷಿ.

ನಮ್ಮವರಲ್ಲಿ ನೂರಕ್ಕೆ ನಾಲ್ಕು ಜನಕ್ಕೆ ಹಾರ್ಟಿನ ಕೆಟ್ಟ ಜೀನ್ ಇದೆಯಂತೆ, ನಿಜಾನಾ?

ನಿಜ, ಆದರೆ ಅರ್ಧ ಮಾತ್ರ ಓಡಾಡುತ್ತಿದೆ. ಎಂವೈಬಿಪಿಸಿ3 ಅನ್ನುವ ಜೀನ್ ಹೃದಯದ ಸ್ನಾಯುವಿಗೆ ಬೇಕಾದದ್ದು. ಡಿಎನ್‌ಎಯನ್ನು ಅಕ್ಷರಗಳಲ್ಲಿ ಬರೆದ ಬರಹ ಅಂದುಕೊಂಡರೆ, ಅದರಲ್ಲಿ 25 ಅಕ್ಷರ ಬಿಟ್ಟುಹೋಗಿರುವ ಪ್ರತಿ ಭಾರತ ಉಪಖಂಡದ ಸುಮಾರು ನೂರಕ್ಕೆ ನಾಲ್ಕು ಜನರಲ್ಲಿದೆ ಅಂತ 2009ರಲ್ಲಿ ಪೆರುಂದುರೈ ಧಂಡಪಾಣಿ, ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ತಂಗರಾಜ್ ಮತ್ತಿತರರು ತೋರಿಸಿದರು. ಇದಕ್ಕೂ ಹುಟ್ಟಿನ ತೂತಿಗೂ ಸಂಬಂಧವಿಲ್ಲ. ಇದು ಮುಂದೆ ವಯಸ್ಸಾದಂತೆ ಹೃದಯದ ಸ್ನಾಯು ಕೆಡುವ ವಿಷಯ. ಆಮೇಲಿನ ಸಂಶೋಧನೆಯಲ್ಲಿ, ಈ ಪ್ರತಿ ಇರುವವರಲ್ಲಿ ಕೆಲವರಿಗಷ್ಟೇ ಅದೇ ಜೀನಿನಲ್ಲಿ ಇನ್ನೊಂದು ಬದಲಾವಣೆಯೂ ಇರುತ್ತದೆ, ಅಪಾಯದ ದೊಡ್ಡ ಪಾಲು ಅದರದ್ದು ಅಂತ ಕಂಡುಬಂತು. ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹಠಾತ್ತನೆ ಸತ್ತವರಿದ್ದರೆ ಎಕೋ ಮಾಡಿಸಿ. ಇಲ್ಲದಿದ್ದರೆ ಈ ಲೆಕ್ಕ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಕೆಟ್ಟ ಜೀನ್ ಕತ್ತರಿಸಿ ತೂತು ಮುಚ್ಚಬಹುದಲ್ವಾ?

ಕತ್ತರಿ ಇದೆ, ಅದರ ಹೆಸರು ಕ್ರಿಸ್ಪರ್. ನಮ್ಮ ಲ್ಯಾಬಿನಲ್ಲಿ ಮೀನಿನ ಜೀನ್ ಕೆಡಿಸಿ ನೋಡಲು ದಿನಾ ಬಳಸುತ್ತೇವೆ. ಕೆಡಿಸುವುದು ಸುಲಭ, ಸರಿಮಾಡುವುದು ಕಷ್ಟ. ಅದಕ್ಕಿಂತ ದೊಡ್ಡ ತೊಡಕು ಸಮಯದ್ದು. ತೂತು ಸ್ಕ್ಯಾನಿನಲ್ಲಿ ಕಾಣುವ ಹೊತ್ತಿಗೆ ಗೋಡೆಯ ಕೆಲಸ ಮುಗಿದು ಎರಡು ತಿಂಗಳು ದಾಟಿರುತ್ತದೆ. ಆಗ ಜೀನ್ ತಿದ್ದಿದರೂ ಗೋಡೆ ಮತ್ತೆ ಏಳುವುದಿಲ್ಲ. ಸರ್ಜನ್ನರ ತೇಪೆಯೇ ಬೇಕು.

ಎಂವೈಬಿಪಿಸಿ3ರ ಬೇರೊಂದು ತಪ್ಪನ್ನು ಭ್ರೂಣಗಳಲ್ಲಿ ತಿದ್ದಿದ್ದಾಗಿ 2017ರಲ್ಲಿ ಅಮೆರಿಕದ ಒರೆಗಾನ್‌ನಿಂದ ವರದಿ ಬಂತು. ನಿಜಕ್ಕೂ ತಿದ್ದಿತೇ ಅಂತ ಬೇರೆ ವಿಜ್ಞಾನಿಗಳು ಪ್ರಶ್ನೆ ಎತ್ತಿದರು. ಆ ಭ್ರೂಣಗಳನ್ನು ಯಾರ ಗರ್ಭಕ್ಕೂ ಸೇರಿಸಲಿಲ್ಲ. ಜೀನ್ ತಿದ್ದಿದ ಮಗುವನ್ನು ಹುಟ್ಟಿಸಲು ನಮ್ಮ ದೇಶದಲ್ಲಿ ಅನುಮತಿಯಿಲ್ಲ.

ಮೀನಿನ ಹೃದಯ ಕತ್ತರಿಸಿದ್ರೂ ಮತ್ತೆ ಬೆಳೆಯುತ್ತಂತೆ. ನಮ್ಮದ್ಯಾಕೆ ಬೆಳೆಯಲ್ಲ?

2002ರಲ್ಲಿ ಕೆನೆತ್ ಪಾಸ್ ಮತ್ತು ಮಾರ್ಕ್ ಕೀಟಿಂಗ್ ಜೀಬ್ರಾ ಮೀನಿನ ಕೆಳಗಿನ ಕೋಣೆಯಲ್ಲಿ ಐದರಲ್ಲಿ ಒಂದು ಭಾಗ ಕತ್ತರಿಸಿ ತೆಗೆದರು. ಎರಡು ತಿಂಗಳಲ್ಲಿ ಅದು ಮತ್ತೆ ತುಂಬಿಕೊಂಡಿತು. ಹುಟ್ಟಿದ ಮೊದಲ ವಾರದಲ್ಲಿ ಇಲಿಮರಿಗೂ ಈ ಶಕ್ತಿ ಸ್ವಲ್ಪ ಇರುತ್ತದೆ, ಆಮೇಲೆ ಹೋಗುತ್ತದೆ. ಮನುಷ್ಯರಲ್ಲಿ 25ನೇ ವಯಸ್ಸಿಗೆ ವರ್ಷಕ್ಕೆ ನೂರಕ್ಕೆ ಒಂದರಷ್ಟು ಹೃದಯ ಸ್ನಾಯುಕೋಶ ಹೊಸದಾಗುತ್ತದೆ. ಹಾರ್ಟ್ ಅಟ್ಯಾಕಿನಲ್ಲಿ ಸತ್ತ ಭಾಗಕ್ಕೆ ಅದು ಯಾವ ಮೂಲೆಗೂ ಸಾಲದು. ಅಲ್ಲಿ ಗಾಯದ ಕಲೆ ಕಟ್ಟುತ್ತದೆ, ಕಲೆ ಮಿಡಿಯುವುದಿಲ್ಲ.

2010ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದೀಪಕ್ ಶ್ರೀವಾಸ್ತವ ಅವರ ತಂಡ ಇಲಿಯ ಅಂಥ ಕಲೆ ಕಟ್ಟುವ ಕೋಶಗಳಿಗೆ ಮೂರು ಜೀನ್ ಸೇರಿಸಿ ಹೃದಯದ ಕೋಶದಂತೆ ಬದಲಾಯಿಸಿತು. ಆ ಮೂರು ಯಾವುವು ಗೊತ್ತಾ? ಗಾಟಾ4, ಎಂಇಎಫ್2ಸಿ, ಟಿಬಿಎಕ್ಸ್5. ಭ್ರೂಣದಲ್ಲಿ ಹೃದಯ ಕಟ್ಟಿದ ಅದೇ ಮೇಸ್ತ್ರಿಗಳು. ಆಸ್ಪತ್ರೆಯ ಔಷಧಿಯಾಗಲು ಇನ್ನೂ ದೂರ ಇದೆ.

ನನ್ನ ಮಗಳು ನಿಮ್ಮ ಥರ ಆಗಬೇಕು ಅಂತಾಳೆ. ಡಾಕ್ಟರ್ ಸೀಟೇ ಬೇಕಾ?

ಬೇಡ. ಪಿಯುಸಿಯಲ್ಲಿ ಬಯಾಲಜಿ ಇರುವ ಕಾಂಬಿನೇಷನ್, ಆಮೇಲೆ ಬಿಎಸ್ಸಿ, ಎಂಎಸ್ಸಿ, ನೆಟ್ ಪರೀಕ್ಷೆ, ಪಿಎಚ್‌ಡಿ. ಪಿಎಚ್‌ಡಿಗೆ ಫೆಲೋಶಿಪ್ ಬರುತ್ತದೆ, ಮನೆಯಿಂದ ದುಡ್ಡು ಕೇಳಬೇಕಾಗಿಲ್ಲ. ಐದಾರು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಮದುವೆ ಯಾವಾಗ ಅಂತ ಕೇಳುವವರಿಗೆ ಏನು ಹೇಳಬೇಕು ಅಂತ ನನಗಿನ್ನೂ ಹೊಳೆದಿಲ್ಲ.

ಸದ್ಯಕ್ಕೆ ಅವಳಿಗೆ ಒಂದು ಭೂತಗನ್ನಡಿ ಕೊಡಿಸಿ. ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಮುಂಚಿನ ನಿದ್ದೆಯಿಂದ) ಎದ್ದ ಮೇಲೆ ಬೆನ್ನಿನ ಗೆರೆ ನೋಡಿ ನಿಮಿಷಕ್ಕೆ ಎಷ್ಟು ಸಲ ಮಿಡಿಯುತ್ತದೆ ಅಂತ ಎಣಿಸಲಿ. ಬೆಳಿಗ್ಗೆ ತಂಪಲ್ಲಿ ಒಮ್ಮೆ, ಮಧ್ಯಾಹ್ನ ಸೆಕೆಯಲ್ಲಿ ಒಮ್ಮೆ. ಎರಡೂ ಲೆಕ್ಕ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿರಲಿ, ಮುಂದಿನ ಸಲ ಊರಿಗೆ ಬಂದಾಗ ನೋಡುತ್ತೇನೆ.